29 ಅಕ್ಷರಗಳ ತಿರಸ್ಕಾರ

ಒಂದು ವಸ್ತುವನ್ನು ಕವಡೆಯ ಕಿಮ್ಮತ್ತಿಲ್ಲದ್ದೆಂದು ತಳ್ಳಿಹಾಕಲು ನಮ್ಮ ಹಿರಿಯರಿಗೆ ‘ಹುಂ’ ಎಂಬ ಒಂದು ಮೂಗಿನ ಸ್ವರವೇ ಸಾಕಾಗಿರುವಲ್ಲಿ, ಆಂಗ್ಲ ಪಂಡಿತರು ಅದೇ ಕಾರ್ಯಕ್ಕೆ 29 ಅಕ್ಷರಗಳ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’ ಎಂಬ ಮಹಾಪದವನ್ನು ನಿರ್ಮಿಸಿರುವುದು ಅವರ ವಿದ್ವತ್ತಿನ ಫಲವೋ ವಿರಾಮದ ಫಲವೋ ಬಲ್ಲವರೇ ಹೇಳಬೇಕು. ಈಟನ್ ಶಾಲೆಯ ಬಾಲಕರು ಉರುಹೊಡೆಯುತ್ತಿದ್ದ ಲ್ಯಾಟಿನ್ ವ್ಯಾಕರಣದಲ್ಲಿ ಅಲ್ಪಮೌಲ್ಯವನ್ನು ಸೂಚಿಸುವ ಷಷ್ಠೀವಿಭಕ್ತಿಯ ರೂಪಗಳು ಕೆಲವಿದ್ದುವು: ಫ್ಲಾಕ್ಸಿ ಉಣ್ಣೆಯ ಎಳೆಗೆ, ನಾಸಿ ಕ್ಷುದ್ರವಸ್ತುವಿಗೆ, ನಿಹಿಲಿ ಶೂನ್ಯಕ್ಕೆ, ಪಿಲಿ ಒಂದು ರೋಮಕ್ಕೆ ಸಂಬಂಧಿಸಿದ್ದು. ನಾಲ್ಕು ನಗಣ್ಯಗಳನ್ನು ಒಂದೇ ಹಗ್ಗದಲ್ಲಿ ಬಿಗಿದು, ‘ಮಾಡುವಿಕೆ’ ಎಂಬರ್ಥದ ‘ಫಿಕೇಶನ್’ ಬಾಲವನ್ನು ಕಟ್ಟಿದೊಡನೆ, ತೃಣೀಕರಣವು ಪರ್ವತಾಕಾರವನ್ನು ತಾಳಿತು!

ಇದನ್ನು ಅರ್ಥವರಿತು ಸೀಳಿದರೆ ದೊರೆಯುವ ತುಂಡುಗಳು 5. ನಾಲಗೆಯ ಅನುಕೂಲಕ್ಕಾಗಿ ಸೀಳಿದರೆ 12. ಎರಡನೆಯ ಮಾರ್ಗವನ್ನು ಹಿಡಿದವನು ಶೂನ್ಯವನ್ನೇ ಮೂರು ಹೋಳು ಮಾಡಬೇಕಾಗುವುದು. ಗಣಿತಜ್ಞರಿಗೆ ಬರಿಯ ಶೂನ್ಯವನ್ನೇ ನೀಡುವ ಈ ಭಾಗಾಕಾರದಿಂದ ಉಚ್ಚಾರಣಶಾಸ್ತ್ರವು ನಿಶ್ಚಿಂತೆಯಿಂದ ಮೂರು ತುಂಡುಗಳನ್ನು ಪಡೆಯುತ್ತದೆ. ತುಳುನಾಡಿನ ಮಿತ್ರರಾದರೋ ನಡುವಣ ‘ಪಿಲಿ’ಯನ್ನು ಕಂಡು ಬೆಚ್ಚಿಯಾರು: ರೋಮನರ ಕೂದಲು ಅವರಿಗೆ ಸಾಕ್ಷಾತ್ ಹುಲಿ.

ಷೆನ್‌ಸ್ಟನ್ ಎಂಬ ಕವಿ 1741ರ ಒಂದು ಪತ್ರದಲ್ಲಿ ಈ ಪದವನ್ನು ಬಳಸಿದ್ದು, ಒಬ್ಬನಿಗೆ ಹಣದ ವಿಷಯದಲ್ಲಿದ್ದ ತಾತ್ಸಾರವನ್ನು ಕೊಂಡಾಡುವುದಕ್ಕಾಗಿ. ಅಷ್ಟು ದೀರ್ಘವಾಗಿ ಹಣವನ್ನು ತಿರಸ್ಕರಿಸಲು ಬೇಕಾದ ಶಾಯಿಯ ಕ್ರಯವನ್ನು ಯಾರು ತೆತ್ತರೋ!