ಥಂಡಿಗಾಲೀನ ವಣಿಗುತ್ಥಾನ ಮೀಮಾಂಸೆ

ವಣಿಗುತ್ಥಾನವೆಂದರೆ ವ್ಯಾಪಾರಸ್ಥನು ಥಂಡಿಗಾಲದ ನಸುಕಿನಲ್ಲಿ ಕೌದಿಯಿಂದ ಹೊರಬಿದ್ದು ಗಲ್ಲಾದ ಮುಂದೆ ಕೂರುವವರೆಗೆ ನಡೆಸುವ ಸಮಸ್ತ ಕ್ರಿಯೆಗಳ ಸಮುಚ್ಚಯ. ಕೌದಿವಿಯೋಗ, ಜಲಸ್ಪರ್ಶ, ಚಹಾಪಾನ, ಸಂಕಲ್ಪ, ಬೋಣಿ ಎಂಬ ಐದು ಅವಸ್ಥೆಗಳಲ್ಲಿ ಇದು ಸಂಪನ್ನವಾಗುತ್ತದೆ. ಹಿಂದೆ ಇದಕ್ಕೆ ‘ಮುಂಜಾನೆ ಏಳೂದು’ ಎನ್ನುತ್ತಿದ್ದರು. ಆಗ ಶುಲ್ಕವಿರಲಿಲ್ಲ. ಈಗ ಹೋಟೆಲಿನ ಸಭಾಂಗಣ, ಗಲ್ಲಕ್ಕೆ ಅಂಟಿದ ಮೈಕು, ಪರದೆಯ ಮೇಲೆ ಸೂರ್ಯೋದಯದ ಚಿತ್ರ, ಕೊನೆಗೊಂದು ಪ್ರಮಾಣಪತ್ರ ಇವು ಶಾಸ್ತ್ರದ ಅಂಗಗಳಾಗಿವೆ. ಬೇಗ ಏಳುವುದನ್ನು ಕಲಿಸುವ ಶಿಬಿರಗಳು ಸಾಮಾನ್ಯವಾಗಿ ಹನ್ನೊಂದು ಗಂಟೆಗೆ ಆರಂಭವಾಗುತ್ತವೆ.

ಶಾಸ್ತ್ರದ ಪ್ರಯೋಗಕ್ಷೇತ್ರ ಕಲಬುರಗಿ ಜಿಲ್ಲೆಯ ಚಿಂಚೋಳಿಗೆ ಹೊಂದಿಕೊಂಡ ಚಂದಾಪುರ. ಅದರ ಪರಿಧಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್. ಈ ಸೀಮೆಯಲ್ಲಿ ನೆಲದ ಕೆಳಗೆ ಸುಣ್ಣಕಲ್ಲು, ನೆಲದ ಮೇಲೆ ತೊಗರಿ. ಕಲ್ಲಿನಿಂದ ಸಿಮೆಂಟೂ ಫರ್ಸಿಯೂ ಆಗುತ್ತವೆ, ತೊಗರಿಯಿಂದ ಬೇಳೆಯಾಗುತ್ತದೆ. ಆ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ತೊಗರಿ ರಾಶಿಯಾಗುವುದು ಡಿಸೆಂಬರ್-ಜನವರಿಯಲ್ಲಿ. ಅಂದರೆ ಕೌದಿ ಅತಿ ಹೆಚ್ಚು ಪ್ರಿಯವಾಗುವ ಹೊತ್ತಿಗೇ ಅಡತಿ ಅಂಗಡಿಗೆ ಅತಿ ಹೆಚ್ಚು ಮಾಲು ಬರುತ್ತದೆ. ಈ ವೈರುಧ್ಯವೇ ಶಾಸ್ತ್ರದ ಮೂಲದ್ರವ್ಯ.

ಪೂರ್ವಸೂರಿಗಳ ವಿಚಾರ. ಶಿಬಿರಗಳು ಪ್ರಮಾಣವೆಂದು ಒಪ್ಪುವ ಗ್ರಂಥ ರಾಬಿನ್ ಶರ್ಮಾ ಅವರ ‘ದಿ ಫೈವ್ ಎಎಂ ಕ್ಲಬ್’, ಪ್ರಕಟಣೆ 2018. ಐದಕ್ಕೆದ್ದು ಇಪ್ಪತ್ತು ನಿಮಿಷ ಬೆವರು, ಇಪ್ಪತ್ತು ನಿಮಿಷ ಚಿಂತನೆ, ಇಪ್ಪತ್ತು ನಿಮಿಷ ಓದು ಎಂಬುದು ಅದರ ಸಾರ. ಕೆನಡಾದಿಂದ ಈ ಸತ್ಯ ತರಿಸಿಕೊಳ್ಳುವ ಮೊದಲು ಶಹಾಬಾದ್ ಸಮೀಪದ ಮರತೂರನ್ನು ಒಮ್ಮೆ ವಿಚಾರಿಸಬಹುದಿತ್ತು. ಮಿತಾಕ್ಷರಾ ಬರೆದ ವಿಜ್ಞಾನೇಶ್ವರನ ಊರೆಂದು ಹೆಸರಾದದ್ದು ಅದು. ಆತ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯ ಆಚಾರಾಧ್ಯಾಯದಲ್ಲೇ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ತನ್ನ ಹಿತ ಯೋಚಿಸಬೇಕು, ಧರ್ಮ-ಅರ್ಥ-ಕಾಮಗಳನ್ನು ಶಕ್ತಿಯಿದ್ದಷ್ಟು ಬಿಡದೆ ನಡೆಸಬೇಕು ಎಂಬ ವಿಧಿಯಿದೆ. ಶಿಬಿರದವರು ‘ಅರ್ಥ’ವನ್ನು ಉಳಿಸಿಕೊಂಡು ಉಳಿದವೆರಡನ್ನೂ ‘ಶಕ್ತಿಯಿದ್ದಷ್ಟು’ ಎಂಬುದನ್ನೂ ಕೈಬಿಟ್ಟಿದ್ದಾರೆ. ಇನ್ನು ಸೇಡಂ ತಾಲೂಕಿನ ಮಳಖೇಡದಿಂದ ಆರು ದಶಕಕ್ಕೂ ಹೆಚ್ಚು ಕಾಲ ಆಳಿದ ಅಮೋಘವರ್ಷ ನೃಪತುಂಗ ಎಷ್ಟು ಗಂಟೆಗೆ ಏಳುತ್ತಿದ್ದನೆಂಬುದಕ್ಕೆ ಶಾಸನಾಧಾರವಿಲ್ಲ. ಆಧಾರವಿಲ್ಲದ ಕಾರಣ ನಾಲ್ಕಕ್ಕೇ ಏಳುತ್ತಿದ್ದನೆಂದು ಭಾಷಣಕಾರರು ಧೈರ್ಯವಾಗಿ ಹೇಳಬಹುದು; ಹೇಳುತ್ತಾರೆ ಕೂಡ.

ಕಾಲನಿರ್ಣಯ. ಒಂದು ಮುಹೂರ್ತಕ್ಕೆ 48 ನಿಮಿಷ. ಬ್ರಾಹ್ಮೀ ಮುಹೂರ್ತ ತೊಡಗುವುದು ಸೂರ್ಯೋದಯಕ್ಕೆ ಎರಡು ಮುಹೂರ್ತ, ಎಂದರೆ 96 ನಿಮಿಷ ಮೊದಲು. ಜನವರಿಯ ಆರಂಭದಲ್ಲಿ ಚಂದಾಪುರದಲ್ಲಿ ಹೊತ್ತು ಮೂಡುವಾಗ ಏಳಕ್ಕೆ ಸುಮಾರು ಹತ್ತು ನಿಮಿಷ ಬಾಕಿ ಇರುತ್ತದೆ. ಹಿಂದಕ್ಕೆ ಎಣಿಸಿದರೆ ಮುಹೂರ್ತ 5 ಗಂಟೆ 14 ನಿಮಿಷಕ್ಕೆ ಹತ್ತುತ್ತದೆ. ಐದಕ್ಕೇ ಎದ್ದವನ ಮೊದಲ ಹದಿನಾಲ್ಕು ನಿಮಿಷದ ಪುಣ್ಯವನ್ನು ಯಾರ ಖಾತೆಗೆ ಜಮಾ ಹಿಡಿಯಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಉತ್ಥಾನದ ನಿಮಿತ್ತಭೇದದಿಂದ ವಣಿಕರಲ್ಲಿ ಐದು ವರ್ಗ. ಮೊದಲನೆಯದು ಸಂಕಲ್ಪೋತ್ಥಿತ: ಮೊಬೈಲಿನ ಗಂಟೆಗೆ ಏಳುವವನು, ಎದ್ದದ್ದನ್ನು ಅದೇ ಮೊಬೈಲಿನ ಸ್ಟೇಟಸ್ಸಿಗೆ ಹಾಕಿ ಮತ್ತೆ ಮಲಗುವವನು. ಎರಡನೆಯದು ಗ್ರಾಹಕೋತ್ಥಿತ: ಅಡತಿ ಅಂಗಡಿಯ ಮಾಲಕ. ರಾತ್ರಿಯೆಲ್ಲ ಟ್ರ್ಯಾಕ್ಟರಿನಲ್ಲಿ ಕೂತು ಬಂದ ರೈತ ‘ಸಾವ್ಕಾರ್ರ, ಇನ್ನಾ ಮಲಗೀರೇನ್ರಿ? ಮಾಲ್ ತಂದೀವ್ರಿ’ ಎಂದು ಬಾಗಿಲು ಬಡಿದಾಗ ಈತನಿಗೆ ಉತ್ಥಾನ ಘಟಿಸುತ್ತದೆ. ಎದ್ದವನು ಮೊದಲು ಚೀಲಕ್ಕೆ ಕೈಹಾಕಿ, ಕಾಳು ಬಾಯಲ್ಲಿ ಕಡಿದು ನೋಡಿ, ‘ಹಸಿ ಅದ’ ಎನ್ನುತ್ತಾನೆ. ಇದು ಶರ್ಮಾ ಹೇಳಿದ ಚಿಂತನೆಯ ಇಪ್ಪತ್ತು ನಿಮಿಷಕ್ಕೆ ಸಮಾನ. ಭಾವ ಮಾತ್ರ ಕಡಿಮೆಯಾಗುತ್ತದೆ. ಮೂರನೆಯದು ಅನುತ್ಥಿತ: ವಾಡಿ ಜಂಕ್ಷನ್ನಿನ ಚಹಾದವನು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದಂದಿನಿಂದ ಆ ಊರಿಗೆ ರಾತ್ರಿ ಎಂಬುದು ಸರಿಯಾಗಿ ಆಗಿಲ್ಲ. ಇವನು ಮಲಗಿಯೇ ಇಲ್ಲವಾದ್ದರಿಂದ ಏಳುವ ಪ್ರಶ್ನೆಯಿಲ್ಲ, ಏಳದವನಿಗೆ ಪ್ರಮಾಣಪತ್ರವೂ ಇಲ್ಲ. ನಾಲ್ಕನೆಯ, ಐದನೆಯ ವರ್ಗಗಳು ಐದೆಂಬ ಸಂಖ್ಯೆಯ ಅಂದಕ್ಕಾಗಿ ಇವೆ, ಬೇಕಾದವರು ತುಂಬಿಕೊಳ್ಳಬಹುದು.

ಜಲಸ್ಪರ್ಶ ಪ್ರಕರಣ. ಹಂಡೆಯ ಬಿಸಿನೀರು ಉತ್ಥಾನವಿರೋಧಿ, ಐಸು ತೇಲುವ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿದರೆ ಮಾತ್ರ ನಾಯಕತ್ವದ ಗುಣ ಬೆಳೆಯುತ್ತದೆ ಎಂಬುದು ನವ್ಯರ ಮತ. ಇದಕ್ಕೆ ಶೀತಜಲ ಸಾಧನೆ ಎಂದು ಹೆಸರು. ಸಾಧನೆಯ ಅತ್ಯುತ್ತಮ ಕೇಂದ್ರಗಳು ಶಹಾಬಾದ್, ಚಿತ್ತಾಪುರದ ಫರ್ಸಿ ಪಾಲಿಶ್ ಘಟಕಗಳಲ್ಲಿವೆ. ಕಲ್ಲು ಕೊಯ್ಯುವಾಗ ಗರಗಸ ಕಾಯದಿರಲು, ದೂಳು ಏಳದಿರಲು ನೀರು ಹರಿಯುತ್ತಲೇ ಇರಬೇಕು. ಆ ನೀರಿನಲ್ಲಿ, ಸುಣ್ಣದ ರಾಡಿಯಲ್ಲಿ, ಬರಿಗಾಲಲ್ಲಿ ನಿಂತು ಫರ್ಸಿ ಎತ್ತಿ ಸರಿಸುವ ಕೂಲಿಯವರು ಇಪ್ಪತ್ತು ನಿಮಿಷವಲ್ಲ, ಇಡೀ ಪಾಳಿ ಸಾಧನೆ ಮಾಡುತ್ತಾರೆ. ಅವರ ಅಂಗೈ ಬಿರಿದಿರುತ್ತದೆ. ಕಾಲ್ಬೆರಳ ಸಂದು ಕೊಳೆತಿರುತ್ತದೆ. ಥಂಡಿನೀರಿನಿಂದ ನಾಯಕತ್ವ ಹುಟ್ಟುವುದು ನಿಜವಾಗಿದ್ದರೆ ಕಲಬುರಗಿ ಜಿಲ್ಲೆಯನ್ನು ಇಷ್ಟು ಹೊತ್ತಿಗೆ ಅವರೇ ಆಳಬೇಕಿತ್ತು. ಆಳುವುದಿರಲಿ, ಒಂದು ಜೊತೆ ರಬ್ಬರ್ ಬೂಟು ಕೊಡಿಸೆಂದು ಅವರು ಕೇಳಿದರೆ, ನಿನ್ನೆ ಐಸುತೊಟ್ಟಿಗೆ ದುಡ್ಡು ತೆತ್ತು ಬಂದ ಮಾಲಕನೇ ‘ಮುಂದಿನ ವಾರ ನೋಡೂಣು’ ಎನ್ನುತ್ತಾನೆ. ದುಡ್ಡು ಕೊಟ್ಟು ಸಹಿಸಿದ ಥಂಡಿ ಶಿಸ್ತು, ಕೂಲಿಗಾಗಿ ಸಹಿಸಿದ ಥಂಡಿ ಹಣೆಬರಹ. ಶಾಸ್ತ್ರದ ಎಲ್ಲ ಪಾರಿಭಾಷಿಕ ಪದಗಳನ್ನು ಹಿಂಡಿದರೂ ಇದಕ್ಕಿಂತ ಹೆಚ್ಚೇನೂ ಬರುವುದಿಲ್ಲ.

ಚಹಾಪಾನದ ಬಗ್ಗೆ ಮತಭೇದವಿಲ್ಲ. ಜೊತೆಗೆ ಸುಸಲಾ, ಮಿರ್ಚಿ ಭಜಿ ಇದ್ದರೆ ಉತ್ತಮ.

ವ್ಯಾಯಾಮವನ್ನು ಪ್ರತ್ಯೇಕ ಅವಸ್ಥೆಯಾಗಿ ಗಣಿಸಬೇಕೆಂದು ಕೆಲವರ ವಾದ. ಅಡತಿ ಅಂಗಡಿಯಲ್ಲಿ ವ್ಯಾಯಾಮ ವಿಪುಲವಾಗಿ ನಡೆಯುತ್ತದೆ. ಐವತ್ತು ಕಿಲೋದ ಚೀಲವನ್ನು ಬೆನ್ನಿಗೇರಿಸಿ ಟ್ರ್ಯಾಕ್ಟರಿನಿಂದ ಕಾಂಟಾಕ್ಕೆ, ಕಾಂಟಾದಿಂದ ಗೋದಾಮಿಗೆ ಒಯ್ಯುವ ಹಮಾಲರು ಅದನ್ನು ಮಾಲಕನ ಪರವಾಗಿ ನಿರ್ವಹಿಸುತ್ತಾರೆ. ಮನೆಯೊಳಗೂ ಇದೇ ಪ್ರತಿನಿಧಿ ವ್ಯವಸ್ಥೆಯಿದೆ. ಸಾವ್ಕಾರನ ಪ್ರತಿಯೊಂದು ಐದು ಗಂಟೆಗೂ ಹಿಂದೆ ಯಾರೋ ಒಬ್ಬಳ ನಾಲ್ಕು ಗಂಟೆ ಇರುತ್ತದೆ: ಬಚ್ಚಲೊಲೆಗೆ ಕಟ್ಟಿಗೆ ತುರುಕಿ, ಅಂಗಳಕ್ಕೆ ನೀರು ಹಾಕಿ, ರೊಟ್ಟಿ ಬಡಿದವಳದು. ಅವಳನ್ನು ಯಾವ ಕ್ಲಬ್ಬಿಗೂ ಸೇರಿಸಿಕೊಂಡಿಲ್ಲ.

ಸಂಕಲ್ಪವೆಂದರೆ ಮುಂಜಾನೆ ದಿನಚರಿ ಪುಸ್ತಕದಲ್ಲಿ ಕೃತಜ್ಞತೆ, ಗುರಿ, ಕನಸು ಬರೆಯುವುದು. ಚಂದಾಪುರದ ಕಿರಾಣಿ ಅಂಗಡಿಯವನು ಇದನ್ನು ಕಿರ್ದಿ ಪುಸ್ತಕದಲ್ಲೇ ನಡೆಸುತ್ತಾನೆ. ಯಾರ ಉದ್ರಿ ಎಷ್ಟೆಂಬುದು ಗುರಿ, ಯಾರು ಕೊಡಬಹುದೆಂಬುದು ಕನಸು. ತೊಗರಿ ಕೈಕೊಟ್ಟ ವರ್ಷ ಕನಸಿನ ಪುಟಗಳು ಉದ್ದವಾಗುತ್ತವೆ. ಅಂಥ ವರ್ಷ ಚಿಂಚೋಳಿ ಭಾಗದ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವವರೂ ಹೆಚ್ಚು. ಚಂದಾಪುರಕ್ಕೆ ರೈಲಿಲ್ಲ. ಗಂಟುಮೂಟೆ, ಮಕ್ಕಳು, ಮುದುಕಿಯರೊಂದಿಗೆ ಅವರು ನಸುಕಿನಲ್ಲೇ ರಸ್ತೆಗೆ ಬಂದು ಬಸ್ಸಿಗೋ ಜೀಪಿಗೋ ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ಈ ಸೀಮೆಯಲ್ಲಿ ಎದ್ದಿರುವವರ ಪಟ್ಟಿ ಮಾಡಿದರೆ ಯಶಸ್ಸಿಗೂ ಎದ್ದ ಗಂಟೆಗೂ ಏನು ಸಂಬಂಧ ಎಂಬುದು ಸಾಕಷ್ಟು ತಿಳಿಯುತ್ತದೆ. ಆದರೆ ಅವರು ಕೊಳ್ಳುತ್ತಿದ್ದ ಎಣ್ಣೆ, ಸಕ್ಕರೆ, ಚಹಾಪುಡಿಯ ಲೆಕ್ಕ ಉದ್ರಿ ಪುಸ್ತಕದಲ್ಲೇ ಉಳಿದು, ಅಂಗಡಿಯವನೂ ಸೋಲುತ್ತಾನೆ. ಇವನು ಎಷ್ಟಕ್ಕೆದ್ದರೂ ಕೊಳ್ಳುವವರು ಪುಣೆಯಲ್ಲಿದ್ದಾರೆ.

ಅಭ್ಯಾಸಾವಧಿ. ಹೊಸ ರೂಢಿ ಕೂರಲು 66 ದಿನ ಸಾಕೆಂದು ಶಿಬಿರಗಳಲ್ಲಿ ಸಾರುತ್ತಾರೆ. ಈ ಅಂಕಿಯ ಮೂಲ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಒಂದು ಅಧ್ಯಯನ. ಅಲ್ಲಿ 66 ಎಂಬುದು ಸರಾಸರಿ, ವ್ಯಾಪ್ತಿ 18ರಿಂದ 254 ದಿನ. ವ್ಯಾಪಾರಸ್ಥರು ಸಂಕಲ್ಪ ಹೂಡುವುದು ದೀಪಾವಳಿಗೆ, ಹೊಸ ಖಾತೆ ಪುಸ್ತಕದ ಪೂಜೆಯೊಂದಿಗೆ. ದೀಪಾವಳಿ ಅಮಾವಾಸ್ಯೆಯಿಂದ 59ನೆಯ ದಿನದ ಹೊತ್ತಿಗೆ ಎಳ್ಳಮಾವಾಸ್ಯೆ ಬರುತ್ತದೆ. ಅಂದು ಅಂಗಡಿ ಮುಚ್ಚಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಉಂಡು, ಜೋಳದ ಹೊಲದ ಬದುವಿನಲ್ಲಿ ಮಲಗದಿದ್ದರೆ ಅದು ಎಳ್ಳಮಾವಾಸ್ಯೆಯೇ ಅಲ್ಲ. 66ಕ್ಕೆ ಒಂದು ವಾರ ಬಾಕಿ ಇರುವಾಗಲೇ ತಪಸ್ಸು ಭಂಗವಾಗಿ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. 254ರ ಲೆಕ್ಕ ಹಿಡಿದವನಿಗಂತೂ ರೂಢಿ ಕೂರುವಾಗ ಮುಂದಿನ ತೊಗರಿ ಬಿತ್ತನೆ ಬಂದಿರುತ್ತದೆ.

ಶೆಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ಮೊದಲ ಗಿರಾಕಿಯ ನೋಟನ್ನು ಕಣ್ಣಿಗೊತ್ತಿಕೊಂಡರೆ ಬೋಣಿ. ಅಲ್ಲಿಗೆ ಉತ್ಥಾನ ಸಂಪೂರ್ಣ. ಮೊದಲ ಗಿರಾಕಿಯೇ ಉದ್ರಿ ಕೇಳಿದರೆ ಏನೆಂಬುದಕ್ಕೆ ಶಾಸ್ತ್ರ ಪರಿಹಾರ ಹೇಳಿಲ್ಲ. ಥಂಡಿ ಸಂಕ್ರಾಂತಿಗೆ ಸಡಿಲಾಗಿ ಶಿವರಾತ್ರಿಗೆ ‘ಶಿವಶಿವಾ’ ಎಂದು ಹೋಗುತ್ತದೆ. ಬೇಸಿಗೆಯ ಮುಂಜಾನೆಗಳಿಗೆ ಬೇರೆ ಶಿಬಿರವಿದೆ, ಶುಲ್ಕವೂ ಬೇರೆ.