ಪಿಕಪ್ಪಿಗೆ ಜ್ವರ

ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ಟ್ರೇಲರ್ ಎಳೆದುಕೊಂಡು ಘಾಟಿ ಹತ್ತುವಾಗ ನಮ್ಮ ಪಿಕಪ್ಪಿನ ಗೇರ್‌ಬಾಕ್ಸ್ ಎಣ್ಣೆ 240 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ಎಂದಿನದು 190ರ ಆಸುಪಾಸು.

"ಜ್ವರ ಬಂದಿದೆ ಕಣ್ರೀ, ಸ್ವಲ್ಪ ಹೊತ್ತು ಮಲಗಿಸಿ" ಅಂದಳು ಹೆಂಡತಿ.

ನಾನು ಬಿಡುತ್ತೇನೆಯೇ? ಡಿಪ್‌ಸ್ಟಿಕ್ ಎಳೆದು ಮೂಸಿದೆ. ಸೀದ ವಾಸನೆಯಿಲ್ಲ, ಮಟ್ಟವೂ ಸರಿ. ಸೆನ್ಸರ್ರೇ ಸುಳ್ಳುಬುರುಕ ಎಂದು ಬೈದೆ. ಟಾರ್ಕ್ ಕನ್ವರ್ಟರ್ ಲಾಕ್ ಆಗದಿದ್ದರೆ ಎಣ್ಣೆಯನ್ನು ಮೊಸರಿನಂತೆ ಕಡೆದು ಕಡೆದು ಕಾಯಿಸುತ್ತದೆ ಎಂದು ಪಾಠವನ್ನೂ ಮಾಡಿದೆ.

"ಕಡೆದರೆ ಬೆಣ್ಣೆ ಬರಬೇಕಲ್ಲ" ಎನ್ನುತ್ತಾ ಅವಳು ಮುಂದಿನ ಜಾಲರಿಯೊಳಗೆ ಟಾರ್ಚ್ ಬಿಟ್ಟಳು. ಎಣ್ಣೆ ತಣಿಸುವ ಕೂಲರ್ ಮುಖಕ್ಕೆ ಪ್ಲಾಸ್ಟಿಕ್ ಚೀಲವೊಂದು ಅಂಟಿಕೊಂಡಿತ್ತು. ಸುತ್ತ ಸತ್ತ ಮಿಡತೆಗಳು.

ಕಿತ್ತು ಬಿಸಾಕಿ, ಮೆಲ್ಲಗೆ ಟೋ ಮೋಡ್, ಅಂದರೆ ಟ್ರೇಲರ್ ಎಳೆಯುವಾಗ ಒತ್ತಬೇಕಾದ ಗುಂಡಿ, ಒತ್ತಿದೆ. ಅಲ್ಲಿಯವರೆಗೂ ಒತ್ತಿರಲಿಲ್ಲ ಅನ್ನೋದನ್ನು ಅವಳಿಗೆ ಇನ್ನೂ ಹೇಳಿಲ್ಲ.