ನೂರು ಡಿಗ್ರಿ ಭಕ್ತಿ

ಚಾಮುಂಡಿ ಬೆಟ್ಟದ ಮೇಲೆ ಹೊಸ ಗಾಡಿಗೆ ಪೂಜೆ ಮಾಡಿಸುವುದು ಮೈಸೂರಿನವರಿಗೆ ಆರ್‌ಟಿಓ ನೋಂದಣಿಗಿಂತ ಮುಖ್ಯವಾದದ್ದು. ಸ್ಕೂಟರು, ಕಾರು, ಟ್ರ್ಯಾಕ್ಟರು, ಇಟ್ಟಿಗೆ ಲಾರಿ, ಎಲ್ಲಕ್ಕೂ ಹಾರ, ಕುಂಕುಮ, ಚಕ್ರದಡಿ ನಿಂಬೆಹಣ್ಣು. ಈಚೆಗೆ ಈ ಸಾಲಿಗೆ ಗೇಮಿಂಗ್ ಲ್ಯಾಪ್‌ಟಾಪೂ ಸೇರಿಕೊಂಡಿದೆ. ಲಕ್ಷ ರೂಪಾಯಿ ಕೊಟ್ಟ ಅಪ್ಪ ಚೀಲ ಹಿಡಿದು ನಿಂತಿರುತ್ತಾನೆ. “ಸ್ವಾಮಿ, ಮೂರು ಕಡೆ ಕುಂಕುಮ ಇಟ್ಬಿಡಿ” ಎಂದು ಅಮ್ಮ. “ಅಮ್ಮಾ, ವೆಂಟ್ ಮೇಲೆ ಬೇಡ, ಪ್ಲೀಸ್” ಎಂದು ಮಗ. ಅರ್ಚಕರಿಗಿರುವ ಸಮಸ್ಯೆ ಒಂದೇ: ಇದಕ್ಕೆ ಚಕ್ರವಿಲ್ಲ, ನಿಂಬೆಹಣ್ಣು ಎಲ್ಲಿಡುವುದು? ಕೊನೆಗೆ ಅಡಾಪ್ಟರಿನಡಿ ಇಡಬಹುದೆಂದು ತೀರ್ಮಾನವಾಗುತ್ತದೆ. ಅದು ಸರಿಯೇ. ಇಡೀ ಸರಂಜಾಮಿನಲ್ಲಿ ನಿಂಬೆಹಣ್ಣು ಹಿಂಡುವಷ್ಟು ತೂಕ ಇರುವುದು ಅದೊಂದಕ್ಕೇ.

ಈ ಯಂತ್ರ ಏಕೆ ಬೇಕು ಎಂದು ಅಪ್ಪ ಕೇಳಿದಾಗ ಮಗ ಕೊಟ್ಟ ಉತ್ತರದಲ್ಲಿ ಆಟ ಎಂಬ ಮಾತೇ ಇರುವುದಿಲ್ಲ. ಆಟೊಕ್ಯಾಡ್ ಇರುತ್ತದೆ, ಮೆಷಿನ್ ಲರ್ನಿಂಗ್ ಇರುತ್ತದೆ, “ಎಲ್ಲರೂ ಇದನ್ನೇ ತಗೊಂಡಿದಾರೆ” ಇರುತ್ತದೆ. ಕಾಲೇಜಿಗೆ ಹೋದ ಮೇಲೆ ಆ ಮಹಾಯಂತ್ರದ ಮೇಲೆ ಮೊದಲು ಓಡುವುದು ಏನು? ಎಷ್ಟೋ ಲ್ಯಾಬುಗಳಲ್ಲಿ ಇಂದಿಗೂ ಟರ್ಬೊ ಸಿ. ತೊಂಬತ್ತರ ದಶಕದ ಆರಂಭದ ಅದೇ ನೀಲಿ ಪರದೆ. ಎರಡು ಸಂಖ್ಯೆ ಕೂಡಿಸಿ ಉತ್ತರ ತೋರಿಸಲು ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡು ಕೈಕಟ್ಟಿ ಕಾದಿರುತ್ತದೆ. ರಾತ್ರಿ ಹಾಸ್ಟೆಲಿನಲ್ಲಿ ಓಡುವುದು ವ್ಯಾಲರೆಂಟ್. 2020ರಲ್ಲಿ ಬಂದ ಆ ಆಟದ ಕನಿಷ್ಠ ಬೇಡಿಕೆ 4 ಜಿಬಿ ರ‍್ಯಾಮ್ ಮತ್ತು 2012ರ ಇಂಟೆಲ್ ಎಚ್‌ಡಿ 4000. ಅಂದರೆ ಅಪ್ಪನ ಆಫೀಸಿನ ಹಳೇ ಕಂಪ್ಯೂಟರಿನಲ್ಲೂ ಕುಂಟುತ್ತಾ ಓಡೀತು. ಈ ಮಾಹಿತಿಯನ್ನು ಅಪ್ಪಂದಿರಿಗೆ ತಲುಪಿಸುವುದು ನನ್ನ ಉದ್ದೇಶವಲ್ಲ. ಅವರು ಪತ್ರಿಕೆ ಓದುತ್ತಾರೆ ಎಂಬುದಷ್ಟೇ ಆಕಸ್ಮಿಕ.

ಕೊಂಡದ್ದಾಯಿತು, ಕುಂಕುಮವಾಯಿತು. ಇನ್ನು ಪರ್ಫಾರ್ಮೆನ್ಸ್.

ಗ್ರಾಫಿಕ್ಸ್ ಕಾರ್ಡು ಯಾವುದೆಂದರೆ ಅಂಗಡಿಯವನು ಹೇಳಿದ್ದು ‘4060’ ಎಂದು. ಇಬ್ಬರು ಗೆಳೆಯರು ಎರಡು ಅಂಗಡಿಯಲ್ಲಿ ಎರಡು ಕಂಪನಿಯ ‘4060’ ಕೊಂಡರು. ಒಬ್ಬನದು ಓಡುತ್ತದೆ, ಇನ್ನೊಬ್ಬನದು ತೆವಳುತ್ತದೆ. ತೆವಳುವವನು ವಿಂಡೋಸ್ ಬಯ್ಯುತ್ತಾನೆ, ಆಂಟಿವೈರಸ್ ಬಯ್ಯುತ್ತಾನೆ, ಹಾಸ್ಟೆಲಿನ ವೈಫೈಯನ್ನೂ ಬಯ್ಯುತ್ತಾನೆ. ಆ ಚಿಪ್ಪಿನ ಕಂಪನಿ ಎನ್ವಿಡಿಯಾವೇ ಕೊಟ್ಟಿರುವ ಲೆಕ್ಕ ನೋಡಿದರೆ ವಿಷಯ ಮುಗಿಯುತ್ತದೆ: ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಚಿಪ್ಪಿಗೆ 35 ವ್ಯಾಟಿನಿಂದ 115 ವ್ಯಾಟಿನ ತನಕ ಎಷ್ಟು ಬೇಕಾದರೂ ಕರೆಂಟು ಕೊಡಬಹುದು. ಒಂದೇ ಹೆಸರು, ಒಂದೇ ಸ್ಟಿಕ್ಕರು, ಊಟ ಮಾತ್ರ ಮೂರು ಪಟ್ಟು ವ್ಯತ್ಯಾಸ. ಮೇಲಿನವರ ಮನೆಯ ಕಥೆ ಇನ್ನೂ ಸೊಗಸು. ಡೆಸ್ಕ್‌ಟಾಪಿನ 4090 ಕಾರ್ಡು 450 ವ್ಯಾಟ್ ನುಂಗುತ್ತದೆ. ಲ್ಯಾಪ್‌ಟಾಪಿನ ‘4090’ಗೆ ಸಿಗುವುದು 80ರಿಂದ 150, ಒಳಗೆ ಕೂತಿರುವುದು ಡೆಸ್ಕ್‌ಟಾಪಿನ 4080ರ ಚಿಪ್ಪು. ಎಷ್ಟು ವ್ಯಾಟ್ ಎಂಬುದನ್ನು ಗ್ರಾಹಕರಿಗೆ ತಿಳಿಸಬೇಕೆಂದು 2021ರಲ್ಲಿ ಎನ್ವಿಡಿಯಾ ಲ್ಯಾಪ್‌ಟಾಪ್ ಕಂಪನಿಗಳಿಗೆ ಹೇಳಿತು. ಕಂಪನಿಗಳು ವಿಧೇಯವಾಗಿ ತಿಳಿಸಿದವು. ಪುಟದ ತಳದಲ್ಲಿ, ನಕ್ಷತ್ರದ ಗುರುತು ಹಾಕಿ, ಇರುವೆ ಓದಿಕೊಳ್ಳಲಿ ಎಂಬಂಥ ಅಕ್ಷರದಲ್ಲಿ.

ವ್ಯಾಟ್ ಹೋಗಲಿ, ಕೊಟ್ಟಷ್ಟಾದರೂ ಕೊನೆಯ ತನಕ ನಿಲ್ಲುತ್ತದೆಯೇ? ಇದನ್ನು ತಿಳಿಯಲು ಬೆಂಚ್‌ಮಾರ್ಕ್ ತಂತ್ರಾಂಶ ಬೇಡ, ಆಷಾಢ ಶುಕ್ರವಾರ ಬೆಳಗ್ಗೆ ಬೆಟ್ಟದ ಪಾದಕ್ಕೆ ಬನ್ನಿ. ಸಾವಿರಕ್ಕೂ ಮೇಲ್ಪಟ್ಟ ಮೆಟ್ಟಿಲು. ಹುಡುಗರ ಗುಂಪೊಂದು ಮೊದಲ ಇನ್ನೂರನ್ನು ಎರಡೆರಡು ಹಾರಿ ಓಡುತ್ತದೆ, ವಿಡಿಯೋ ಬೇರೆ. ನಾನೂರರ ಹೊತ್ತಿಗೆ ಸೊಂಟಕ್ಕೆ ಕೈ. ನಂದಿ ಕಾಣುವ ಮೊದಲೇ ಎಲ್ಲರೂ ಬಂಡೆಗೊರಗಿ, ನಾಲಗೆ ಹೊರಗೆ ಬಿಟ್ಟು, ನೀರಿನ ಬಾಟಲಿ ಯಾರ ಹತ್ತಿರ ಇದೆ ಎಂದು ಜಗಳ. ಅಷ್ಟರಲ್ಲಿ ಒಬ್ಬ ಅಜ್ಜಿ ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ, “ಸ್ವಲ್ಪ ಜರುಗ್ರಪ್ಪಾ” ಎಂದು ಅವರನ್ನು ದಾಟಿ ಹೋಗುತ್ತಾಳೆ. ಅಜ್ಜಿಯ ವ್ಯಾಟು ಪಾದದಿಂದ ಗುಡಿಯ ತನಕ ಒಂದೇ. ಲ್ಯಾಪ್‌ಟಾಪ್ ಜಾಹೀರಾತು ಬರೆಯುವವರು ಅಳೆಯುವುದು ಆ ಮೊದಲ ಇನ್ನೂರು ಮೆಟ್ಟಿಲು. ಕೊಂಡವನು ಬಾಳುವುದು ಉಳಿದ ಎಂಟುನೂರರಲ್ಲಿ.

ಉಳಿದ ಎಂಟುನೂರರಲ್ಲಿ ಆಗುವುದು ಇಷ್ಟು. ಆಟ ಶುರುವಾದ ಕೆಲವೇ ನಿಮಿಷದಲ್ಲಿ ಪ್ರೊಸೆಸರ್ ಕಾಯುತ್ತದೆ. ಇಂಟೆಲ್‌ನ ಬಹುತೇಕ ಲ್ಯಾಪ್‌ಟಾಪ್ ಚಿಪ್ಪುಗಳಿಗೆ 100 ಡಿಗ್ರಿ ಸೆಲ್ಸಿಯಸ್ ಗಡಿ, ಎಎಮ್‌ಡಿಯ ಕೆಲವಕ್ಕೆ 95. ಗಡಿ ಮುಟ್ಟಿದೊಡನೆ ಚಿಪ್ಪು ಸುಡದೆ ಉಳಿಯಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಹುಡುಗರ ಬಾಯಲ್ಲಿ ಇದು ‘ಥ್ರಾಟಲ್ ಹೊಡೀತು’. ಈಗ ಭೂಗೋಳ ಸ್ವಲ್ಪ ಸೇರಿಸಿ. ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರ. ಅಲ್ಲಿ ನೀರು ಸುಮಾರು 96.5 ಡಿಗ್ರಿಗೇ ಕುದಿಯುತ್ತದೆ. ಕೆಳಗೆ ಮೈಸೂರಿನಲ್ಲಿ 97ರ ಮೇಲೆ ಚೂರು. ಅಂದರೆ ನಮ್ಮೂರ ಹುಡುಗನ ತೊಡೆಯ ಮೇಲಿರುವ ಇಂಟೆಲ್ ಯಂತ್ರದ ಹೃದಯ ನಮ್ಮೂರ ಕುದಿಯುವ ನೀರಿಗಿಂತ ಬಿಸಿ. ಎತ್ತರ ಹೆಚ್ಚಿದಷ್ಟೂ ಗಾಳಿ ತೆಳು, ಗಾಳಿ ತೆಳುವಾದಷ್ಟೂ ಫ್ಯಾನು ಹೊತ್ತೊಯ್ಯಬಲ್ಲ ಶಾಖ ಕಡಿಮೆ. ಬೆಟ್ಟದ ತಂಪಿನಲ್ಲಿ ಕೂತು ಆಡಿದರೆ ಲ್ಯಾಪ್‌ಟಾಪ್ ತಣ್ಣಗಿರುತ್ತದೆ ಎಂದು ಹೊರಟವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ. ಕೋತಿಗಳನ್ನು ಕೂಡ.

ಇಷ್ಟಾದರೂ ಮಾಲೀಕನ ಬಾಯಿಂದ ಒಂದು ದೂರು ಹೊರಡಿಸಿ ನೋಡೋಣ. “ಗೇಮಿಂಗ್ ಲ್ಯಾಪ್‌ಟಾಪ್ ಅಂದ್ಮೇಲೆ ಬಿಸಿ ಆಗ್ಲೇಬೇಕು ಬ್ರೋ. ಬಿಸಿ ಆಗ್ತಿಲ್ಲ ಅಂದ್ರೆ ಫುಲ್ ಪವರ್ ಬರ್ತಿಲ್ಲ ಅಂತ.” ಫ್ಯಾನಿನ ಸದ್ದು? “ಹೆಡ್‌ಫೋನ್ ಹಾಕ್ಕೊಂಡ್ರೆ ಕೇಳ್ಸಲ್ಲ.” ಪಕ್ಕದ ಕೋಣೆಯಲ್ಲಿ ಮಲಗಿರುವ ತಾತನಿಗೆ ಹೆಡ್‌ಫೋನ್ ಇಲ್ಲ. ಅವರು ಮಳೆ ಬಂತೆಂದು ಎದ್ದು ಕಿಟಕಿ ಮುಚ್ಚುತ್ತಾರೆ. ಕೊಳ್ಳುವವರೆಗೆ ಗ್ರಾಹಕನಾಗಿದ್ದವನು ಕೊಂಡ ಮಾರನೇ ದಿನ ಕಂಪನಿಯ ಸಂಬಳವಿಲ್ಲದ ವಕೀಲನಾಗುತ್ತಾನೆ. ಕಾರಣ ಸರಳ. ಒಪ್ಪಿಕೊಂಡರೆ ಅಪ್ಪನಿಗೆ ಉತ್ತರ ಹೇಳಬೇಕು. ಸಾಲದ ಕಂತು ಇನ್ನೂ ಹದಿನೇಳು ತಿಂಗಳಿರುವಾಗ ಸತ್ಯ ಹೇಳುವ ಧೈರ್ಯ ಯಾರಿಗೂ ಬರಬಾರದು.

ಪರದೆಯ ವಿಷಯಕ್ಕೆ ಬರೋಣ. ಡಬ್ಬಿಯ ಮೇಲೆ ದೊಡ್ಡದಾಗಿ ‘144 ಹರ್ಟ್ಜ್’. ಅಂದರೆ ಸೆಕೆಂಡಿಗೆ 144 ಚಿತ್ರ, ಒಂದೊಂದಕ್ಕೆ ಸಿಗುವುದು ಏಳು ಮಿಲಿಸೆಕೆಂಡಿಗೂ ಕಡಿಮೆ. ಡಬ್ಬಿಯ ಮೇಲಿಲ್ಲದ್ದು: ಅಗ್ಗದ ಪರದೆಗಳಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ತಿರುಗಲು ಇಪ್ಪತ್ತು ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಒಂದು ಚಿತ್ರ ಎದ್ದು ಹೋಗುವ ಮೊದಲೇ ಮುಂದಿನ ಎರಡು ಬಂದು ಅದರ ಮಡಿಲಲ್ಲಿ ಕೂರುತ್ತವೆ. ಶತ್ರು ಓಡಿದರೆ ಹಿಂದೆ ಅವನದೇ ದೆವ್ವ ಓಡುತ್ತದೆ; ಗುಂಡು ಹೊಡೆಯಬೇಕಾದ್ದು ಯಾರಿಗೆ ಎಂಬ ತಾತ್ವಿಕ ಪ್ರಶ್ನೆ ಏಳುತ್ತದೆ. ಇನ್ನು ಕೆಲವರು ವಿಂಡೋಸ್ ಸೆಟ್ಟಿಂಗ್ 60ರಲ್ಲೇ ಇರುವುದನ್ನು ಗಮನಿಸದೆ ವರ್ಷಗಟ್ಟಲೆ ಆಡಿ, “144ಕ್ಕೆ ಕಣ್ಣು ಹೊಂದಿಕೊಂಡ್ಮೇಲೆ ಬೇರೆ ಸ್ಕ್ರೀನ್ ನೋಡಕ್ಕೇ ಆಗಲ್ಲ ಗುರು” ಎನ್ನುತ್ತಾರೆ. ಇವರ ಸುಖವನ್ನು ಕೆಡಿಸುವುದು ಪಾಪ.

ಬಣ್ಣದ ಪರೀಕ್ಷೆಗೆ ಮೈಸೂರಿನವರಿಗೆ ದೇವರೇ ಒಂದು ಅಳತೆಗೋಲು ಕೊಟ್ಟಿದ್ದಾನೆ, ಸರಿಯಾಗಿ ಹೇಳಬೇಕೆಂದರೆ ರಾಕ್ಷಸ ಕೊಟ್ಟಿದ್ದಾನೆ. ಬೆಟ್ಟದ ಮೇಲೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ನಿಂತ ಮಹಿಷಾಸುರನ ಫೋಟೋ ತೆಗೆದು ಪರದೆಯಲ್ಲಿ ತೆರೆಯಿರಿ. ಬಣ್ಣದ ಅಂಗಡಿಯ ಅಷ್ಟೂ ಡಬ್ಬ ಸುರಿದುಕೊಂಡ ಆ ಮಹಿಷ, ಬಣ್ಣದ ವ್ಯಾಪ್ತಿ 45 ಶೇಕಡಾ ಎನ್‌ಟಿಎಸ್‌ಸಿ ಎಂದು ವಿವರಪಟ್ಟಿಯಲ್ಲಿ ಬರೆದ ಪರದೆಯೊಳಗೆ ಬಂದರೆ ಅರ್ಧಕ್ಕರ್ಧ ಬಣ್ಣ ಕಳೆದುಕೊಂಡು ಪೆಚ್ಚಾಗಿ ನಿಲ್ಲುತ್ತಾನೆ. ದೇವಿ ಇಳಿಯುವ ಅಗತ್ಯವೇ ಇಲ್ಲ, ಪ್ಯಾನೆಲ್ಲೇ ಅವನನ್ನು ಮರ್ದಿಸಿರುತ್ತದೆ. 250 ನಿಟ್ಸ್ ಬೆಳಕಿನ ಅದೇ ಪರದೆಯನ್ನು ಬೆಟ್ಟದ ವ್ಯೂ ಪಾಯಿಂಟಿನ ಬಿಸಿಲಿಗೆ ಹಿಡಿದರೆ ಮಹಿಷನೂ ಮಾಯ, ಆಟವೂ ಮಾಯ. ಕಾಣುವುದು ಮಾಲೀಕನ ಮುಖ ಮಾತ್ರ.

ಪೋರ್ಟಬಲ್ ಎನ್ನುವುದೂ ಒಂದು ನಂಬಿಕೆಯೇ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಯ ಯಂತ್ರಗಳನ್ನು ತಿರುಗಿಸಿತು. ಇವತ್ತಿನ ಗೇಮಿಂಗ್ ಲ್ಯಾಪ್‌ಟಾಪು ಗೋಡೆಯ ಸಾಕೆಟ್ಟಿನಿಂದ ಎರಡು ಮೀಟರು ದೂರ ಹೋಗಲು ಒಪ್ಪುವುದಿಲ್ಲ. ಪ್ಲಗ್ ಕಿತ್ತೊಡನೆ ಗ್ರಾಫಿಕ್ಸ್ ಕಾರ್ಡಿಗೆ ಉಪವಾಸ, ಫ್ರೇಮುಗಳು ಪಾತಾಳಕ್ಕೆ. ತೊಂಬತ್ತು ವ್ಯಾಟ್-ಗಂಟೆಯ ದೊಡ್ಡ ಬ್ಯಾಟರಿಯಿದ್ದರೂ ಪೂರ್ತಿ ಕೆಲಸ ಕೊಟ್ಟರೆ ಒಂದು ತಾಸು ಉಳಿದದ್ದು ಪುಣ್ಯ. ಹಾಗಾಗಿ ಸಾಕೆಟ್ಟಿನಲ್ಲೇ ವಾಸ. ಆಡುವಾಗ 200 ವ್ಯಾಟ್ ಎಂದಿಟ್ಟುಕೊಳ್ಳಿ, ದಿನಕ್ಕೆ ಆರು ಗಂಟೆ (ಪರೀಕ್ಷೆಯ ದಿನಗಳಲ್ಲಿ ಹೆಚ್ಚು): ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯ ಸೊನ್ನೆ ಬಿಲ್ಲನ್ನು 2023ರಿಂದ ಅಕ್ಕರೆಯಿಂದ ಸಾಕಿಕೊಂಡು ಬಂದ ಅಮ್ಮ, ಫ್ರಿಜ್ಜಿನ ಬಾಗಿಲು ಅರೆಕ್ಷಣ ತೆರೆದರೂ ಬಯ್ಯುವವಳು, ಆ ತಿಂಗಳು 200 ಯೂನಿಟ್ ದಾಟಿದ್ದಕ್ಕೆ ಪೂರ್ತಿ ಬಿಲ್ ಕೈಗೆ ಬಂದಾಗ ಮೊದಲು ಅನುಮಾನಿಸುವುದು ಮೀಟರ್ ರೀಡರನ್ನು. ಮಗ ಅಮ್ಮನ ಪಕ್ಷ ವಹಿಸಿ, “ಚೆಸ್ಕಾಂಗೆ ಕಂಪ್ಲೇಂಟ್ ಕೊಡು” ಎಂದು ಒತ್ತಾಯಿಸುತ್ತಾನೆ.

ಕೂಲಿಂಗಿಗೆ ಮದ್ದು ಹುಡುಕುವ ಕಾಂಡವಂತೂ ಪುರಾಣದಷ್ಟು ಉದ್ದ. ಮೊದಲು ವೋಲ್ಟೇಜ್ ಇಳಿಸುವ ವಿದ್ಯೆ. ಅದನ್ನು ಕಲಿತು ಏಳೆಂಟು ಡಿಗ್ರಿ ಉಳಿಸಿಕೊಂಡವರ ಸುಖಕ್ಕೆ 2019ರ ಡಿಸೆಂಬರಿನಲ್ಲಿ ಕಲ್ಲು ಬಿತ್ತು. ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ ಬಯಲಾಗಿ, ಇಂಟೆಲ್ ಕೊಟ್ಟ ತಿದ್ದುಪಡಿಯಿಂದ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಆ ಬಾಗಿಲೇ ಮುಚ್ಚಿತು. ಆಮೇಲೆ ಎರಡು ಸಾವಿರದ ಕೂಲಿಂಗ್ ಪ್ಯಾಡು. ಆರು ಫ್ಯಾನು, ಏಳು ಬಣ್ಣದ ದೀಪ, ದಸರಾ ಮುಗಿದರೂ ಆರದ ದೀಪಾಲಂಕಾರ. ಅದೇ ಕೆಲಸವನ್ನು ಮೈಸೂರ್ ಸ್ಯಾಂಡಲ್ ಸೋಪಿನ ಎರಡು ಖಾಲಿ ಡಬ್ಬಿ ಮುಕ್ಕಾಲು ಪಾಲು ಮಾಡುತ್ತವೆ. ತಮಾಷೆಯಲ್ಲ. ಈ ಯಂತ್ರಗಳು ಹೊಟ್ಟೆಯಿಂದ ಉಸಿರೆಳೆಯುತ್ತವೆ. ಹಿಂಭಾಗವನ್ನು ಒಂದಿಷ್ಟು ಎತ್ತಿಟ್ಟರೆ ಗಾಳಿ ಸಿಕ್ಕು ಕೆಲವು ಡಿಗ್ರಿ ನಿಜಕ್ಕೂ ಇಳಿಯುತ್ತದೆ. ಆದರೆ ಡಬ್ಬಿಗೆ ಬಣ್ಣದ ದೀಪವಿಲ್ಲವಾದ್ದರಿಂದ ಯಾರೂ ನಂಬುವುದಿಲ್ಲ. ಹೊಟ್ಟೆಯನ್ನು ಹತ್ತಿಯ ಹಾಸಿಗೆಗೆ ಒತ್ತಿ, ಮೇಲೆ ರಗ್ಗು ಹೊದ್ದು ಆಡುವವರೇ ಕಂಪನಿಯ ಎಂಜಿನಿಯರುಗಳ ವಿದ್ಯಾರ್ಹತೆ ವಿಚಾರಿಸುವುದು.

ಕೊನೆಗೊಂದು ದಿನ ಬೇಸ್ ಬಿಚ್ಚಲೇಬೇಕಾಗುತ್ತದೆ. ಬಿಚ್ಚಿದ ರಿಪೇರಿಯವನು ಮೂಗಿನ ಹತ್ತಿರ ಹಿಡಿದು, “ಮನೇಲಿ ಊದುಬತ್ತಿ ಜಾಸ್ತೀನಾ ಸಾರ್?” ಎನ್ನುತ್ತಾನೆ. ಊದುಬತ್ತಿಗೆ 2005ರಲ್ಲೇ ಭೌಗೋಳಿಕ ಗುರುತು ಪಡೆದ ಊರಿನಲ್ಲಿ ಕೇಳುವ ಪ್ರಶ್ನೆಯೇ ಇದು! ದೇವರ ಗೂಡಿನ ಪಕ್ಕದ ಮೇಜಿನ ಮೇಲೆ ವರ್ಷವಿಡೀ ಹೊಗೆ ಕುಡಿದ ಹೀಟ್‌ಸಿಂಕಿನ ಸಂದುಗಳಲ್ಲಿ ಜಿಡ್ಡು, ಜಿಡ್ಡಿಗಂಟಿದ ಧೂಳು, ಧೂಳಿನ ನಡುವೆ ಮೊದಲ ದಿನದ ಕುಂಕುಮ. ಥರ್ಮಲ್ ಪೇಸ್ಟ್ ಬದಲಾಯಿಸಿ, ಬ್ರಷ್ಷಿನಿಂದ ಉಜ್ಜಿ ಕೊಟ್ಟರೆ ಹತ್ತು ಡಿಗ್ರಿ ಇಳಿಯುತ್ತದೆ. ಮಗ ಅದರ ಕೀರ್ತಿಯನ್ನು ಹೊಸ ಡ್ರೈವರ್ ಅಪ್‌ಡೇಟಿಗೆ ಕೊಡುತ್ತಾನೆ.

ಇಷ್ಟೆಲ್ಲ ಆದಮೇಲೆ ಒಂದು ಹೊಸ ಮಾದರಿ ಬರುತ್ತದೆ, ಸಂಖ್ಯೆ ಹಿಂದಿನದಕ್ಕಿಂತ ಸಾವಿರ ದೊಡ್ಡದು. ಹಳೆಯದನ್ನು ಮಾರಬೇಕು. ಮಾರಾಟದ ಒಕ್ಕಣೆ ನೋಡಿ: “ಒಬ್ಬರೇ ಬಳಸಿದ್ದು. ಓದಿಗೆ ಮಾತ್ರ. ಒಂದು ಸಲವೂ ಗೇಮ್ ಆಡಿಲ್ಲ.” ಡಬ್ಲ್ಯೂ, ಎ, ಎಸ್, ಡಿ ಕೀಲಿಗಳ ಮೇಲಿನ ಅಕ್ಷರ ಸಂಪೂರ್ಣ ಸವೆದಿರುತ್ತದೆ, ಇಂಗ್ಲಿಷಿನಲ್ಲಿ ಆ ನಾಲ್ಕೇ ಅಕ್ಷರ ಬಳಸಿ ಬರೆಯುವ ಯಾವ ಪ್ರಾಜೆಕ್ಟ್ ರಿಪೋರ್ಟು ಎಂದು ಕೇಳಬಾರದು. ಕೊಳ್ಳಲು ಬಂದವನೂ ಎಂಜಿನಿಯರಿಂಗ್ ಮೊದಲ ವರ್ಷ, ಹಿಂದೆ ಅವನ ಅಪ್ಪ. ಮಗ ವ್ಯಾಟ್ ಕೇಳಲಿಲ್ಲ, ಪರದೆಯ ಬಣ್ಣ ಕೇಳಲಿಲ್ಲ. ಅಪ್ಪ ಕೇಳಿದರು, “ಬಿಸಿ ಆಗುತ್ತೇನಪ್ಪಾ?”

“ಇಲ್ಲ ಅಂಕಲ್. ಅಮ್ಮನವರ ಬೆಟ್ಟದಲ್ಲಿ ಪೂಜೆ ಆಗಿರೋ ಪೀಸು.”